ತೂಬಿನ ಕೀಲಿ ಯಾರ ಕೈಲಿ? ತರಗತಿಯ ಪಾತ್ರದಾಟದಲ್ಲಿ ನಿಯಮ ಮತ್ತು ಸವಾಲಿನ ಹದ

ಬೋಧನಾಭ್ಯಾಸದ ಪಾಠಯೋಜನೆಯಲ್ಲಿ ‘ಕಲಿಕಾ ಚಟುವಟಿಕೆ’ ಎಂಬ ಕಾಲಂ ತುಂಬುವಾಗ ನಮ್ಮಲ್ಲಿ ಹೆಚ್ಚಿನವರು ‘ಪಾತ್ರಾಭಿನಯ’ ಎಂದು ಬರೆದು ಮುಂದಿನ ಕಾಲಂಗೆ ಹೋಗುತ್ತೇವೆ. ತರಗತಿಯಲ್ಲಿ ಆಗುವುದು ಇಷ್ಟು: ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳು ಮುಂದೆ ಬಂದು ನಿಲ್ಲುತ್ತಾರೆ, ನಾವು ಬರೆದುಕೊಟ್ಟ ಮಾತನ್ನು ಒಪ್ಪಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಆ ನಾಲ್ವರೂ ಏನನ್ನೂ ನಿರ್ಧರಿಸಿರುವುದಿಲ್ಲ. ಕೊನೆಗೆ ಏನಾಗಬೇಕು ಎಂಬುದು ಹಾಳೆಯಲ್ಲಿ ಮೊದಲೇ ಇತ್ತು.

ಇದಕ್ಕೆ ಬದಲಾಗಿ ಎಲ್ಲ ಮಕ್ಕಳೂ ಆರಾರು ಜನರ ಗುಂಪಾಗಿ ಕುಳಿತು, ಪ್ರತಿಯೊಬ್ಬರೂ ಒಂದು ಪಾತ್ರ ಹಿಡಿದು, ಆ ಪಾತ್ರದ ಕಷ್ಟಸುಖ ನೋಡಿಕೊಂಡು ತೀರ್ಮಾನ ತೆಗೆದುಕೊಳ್ಳುವ ಆಟಗಳಿವೆ. ಮುಂದೇನಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಪ್ರಸಿದ್ಧ ಉದಾಹರಣೆ. ಅದರಲ್ಲಿ ಗವಿ, ರಾಕ್ಷಸ, ನಿಧಿ ಎಲ್ಲ ಬರುತ್ತವೆ. ನಮಗೆ ಅವು ಬೇಕಾಗಿಲ್ಲ. ತುಮಕೂರು ಜಿಲ್ಲೆಯಲ್ಲಿ ಅದಕ್ಕಿಂತ ರೋಚಕವಾದ ಸಂಗತಿ ಒಂದಿದೆ, ಅದು ನೀರು. ಕೆರೆಯ ನೀರು ಹಂಚಿಕೊಳ್ಳುವ ಒಂದು ಪಾತ್ರದಾಟವನ್ನು ಸಹಪಾಠಿಗಳ ಜೊತೆ ಸೇರಿ ರೂಪಿಸಿ, ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಶಾಲೆಗಳಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಆಡಿಸಿದೆವು. ಅದರ ನಿಯಮಗಳನ್ನು ಹೇಗೆ ಹದ ಮಾಡಬೇಕಾಯಿತು ಎಂಬುದನ್ನು ಲೆಕ್ಕದ ಸಮೇತ ಇಲ್ಲಿ ವಿವರಿಸುತ್ತೇನೆ. ಲೆಕ್ಕ ಎಂದ ಕೂಡಲೇ ಭಾಷಾ ವಿಭಾಗದ ಗೆಳೆಯರು ಪುಟ ತಿರುಗಿಸಬೇಕಿಲ್ಲ. ಎಂಟನೇ ತರಗತಿಯ ಕೂಡು–ಕಳೆ–ಗುಣಾಕಾರ ಸಾಕು.

ನಿಯಮ ಏಕೆ ಬೇಕು?

ತಾಳಮದ್ದಲೆಯನ್ನು ನೆನಪಿಸಿಕೊಳ್ಳಿ. ಕರಾವಳಿಯಲ್ಲಿ, ಕಾಸರಗೋಡಿನ ಕಡೆ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ಭಾಗವತರ ಪದ್ಯ ಮುಗಿದ ಮೇಲೆ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದ ಮಾಡುತ್ತಾರೆ. ಕುಳಿತು ಆಡುವುದು, ಪಾತ್ರದೊಳಗಿಂದ ಮಾತಾಡುವುದು, ಎದುರಾಳಿಯ ಮಾತಿಗೆ ಅಲ್ಲೇ ಉತ್ತರ ಹುಡುಕುವುದು, ಇಷ್ಟರ ಮಟ್ಟಿಗೆ ಅದು ಪಾತ್ರದಾಟವೇ. ಆದರೆ ಕರ್ಣನ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಕರ್ಣ ಬದುಕಿ ಬರುವುದಿಲ್ಲ. ಪ್ರಸಂಗ ಮೊದಲೇ ಗೊತ್ತು. ನಮ್ಮ ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಕೊಂಡೊಯ್ದ, 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ವಿಷಯದಲ್ಲೂ ಅಷ್ಟೆ: ಪಾತ್ರ ಇತ್ತು, ಅಂತ್ಯ ನಿಗದಿಯಾಗಿತ್ತು.

ಅಂತ್ಯ ನಿಗದಿಯಾಗಿಲ್ಲದ ಆಟದಲ್ಲಿ ಒಂದು ತೊಡಕು ಹುಟ್ಟುತ್ತದೆ. ಒಬ್ಬ ಹುಡುಗ ‘ನಾನು ಕಾಲುವೆಯ ಹೂಳು ತೆಗೆದೆ’ ಎನ್ನುತ್ತಾನೆ, ಇನ್ನೊಬ್ಬಳು ‘ನೀನು ತೆಗೆಯೋದಕ್ಕೆ ಆಗಲಿಲ್ಲ’ ಎನ್ನುತ್ತಾಳೆ. ಯಾರ ಮಾತು ನಡೆಯಬೇಕು? ನಿಯಮವಿಲ್ಲದಿದ್ದರೆ ಗಂಟಲು ದೊಡ್ಡದಿರುವವರ ಮಾತು ನಡೆಯುತ್ತದೆ. ನಿಯಮ ಹೆಚ್ಚಾದರೆ ಯಾರೂ ಮಾತೇ ಆಡುವುದಿಲ್ಲ. ಕಾರ್ಡಿನಲ್ಲಿ ಬರೆದದ್ದನ್ನು ಓದಿ ಕಾಯಿ ಸರಿಸುತ್ತಾರೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎನ್ನುವುದು ಆಟ ಕಟ್ಟುವವರ ಮುಖ್ಯ ಕೆಲಸ.

ಈ ಪ್ರಶ್ನೆ ಹಳೆಯದು. ಪ್ರಷ್ಯದ ಸೇನೆಯಲ್ಲಿ 1824ರಲ್ಲಿ ಫಾನ್ ರೈಸ್‌ವಿಟ್ಸ್ ಎಂಬ ಅಧಿಕಾರಿ ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದರ ನಿಯಮಪುಸ್ತಕ ಪ್ರಕಟಿಸಿದ. ದಾಳ, ಕೋಷ್ಟಕ, ನಡುವೆ ಒಬ್ಬ ತೀರ್ಪುಗಾರ. ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ಆಡುವುದೇ ಪ್ರಯಾಸವಾಯಿತು. 1876ರಲ್ಲಿ ಫಾನ್ ವೆರ್ಡಿ ಎಂಬ ಇನ್ನೊಬ್ಬ ಅಧಿಕಾರಿ ಕೋಷ್ಟಕಗಳನ್ನೆಲ್ಲ ಬದಿಗಿಟ್ಟು ಅನುಭವಸ್ಥ ತೀರ್ಪುಗಾರನ ಮಾತೇ ಸಾಕು ಎಂದ. ಬಿಗಿ ನಿಯಮದ ಪಕ್ಷ, ಸಡಿಲ ನಿಯಮದ ಪಕ್ಷ ಎರಡೂ ಇಂದಿಗೂ ಇವೆ. ನಮ್ಮ ಕಾಲೇಜಿನ ಪಾಠಯೋಜನೆಯ ಚರ್ಚೆಗಳಲ್ಲೂ ಇವೆರಡು ಪಕ್ಷಗಳಿವೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹದ ಎಂದರೆ ಸಮ ಅಲ್ಲ

ಎಲ್ಲ ಆಟಗಾರರಿಗೂ ಒಂದೇ ಶಕ್ತಿ ಕೊಟ್ಟರೆ ಆಟ ನ್ಯಾಯವಾಗಿರುತ್ತದೆ ಎಂದು ಮೊದಲಿಗೆ ತೋರುತ್ತದೆ. ಹುಲಿ–ಕುರಿ ಆಟ ಬಲ್ಲವರು ಹೀಗೆ ಹೇಳುವುದಿಲ್ಲ. ಅಲ್ಲಿ ಹುಲಿ ಮೂರು, ಕುರಿ ಹದಿನೈದು. ಹುಲಿ ಹಾರಿ ಕೊಲ್ಲಬಲ್ಲದು, ಕುರಿಗೆ ಆ ಶಕ್ತಿ ಇಲ್ಲ. ಆದರೆ ಕುರಿಗಳು ಒಂದೊಂದಾಗಿ ಬಂದು, ಒಂದರ ಬೆನ್ನಿಗೆ ಒಂದು ನಿಂತು, ಹುಲಿ ಅಲ್ಲಾಡದಂತೆ ಕಟ್ಟಿಹಾಕಬಹುದು. ಶಕ್ತಿ ಬೇರೆ, ಸಂಖ್ಯೆ ಬೇರೆ, ಗೆಲ್ಲುವ ದಾರಿಯೂ ಬೇರೆ. ಆದರೂ ಎರಡು ಕಡೆಯವರಿಗೂ ‘ಈ ಸಲ ನಾನು ಗೆಲ್ಲಬಹುದು’ ಅನ್ನಿಸುತ್ತದೆ. ಕುರಿಗಳನ್ನು ಕಡಿಮೆ ಮಾಡುತ್ತಾ ಹೋಗಿ ನೋಡಿ, ಸುತ್ತುಗಟ್ಟುವುದು ಕಷ್ಟವಾಗುತ್ತಾ ಹೋಗಿ ಕುರಿಯವನಿಗೆ ಆಟದಲ್ಲಿ ಆಸಕ್ತಿ ಹೋಗುತ್ತದೆ. ಹಳೆಯ ದೇವಸ್ಥಾನಗಳ ಹಾಸುಗಲ್ಲಿನ ಮೇಲೆ ಈ ಆಟದ ಮನೆಗಳನ್ನು ಕೊರೆದವರು ಸಂಖ್ಯೆಯನ್ನು ಆಡಿ ಆಡಿಯೇ ಕಂಡುಕೊಂಡಿರಬೇಕು.

ಕೆರೆಯ ನೀರಿನಲ್ಲೂ ಸ್ಥಾನಗಳು ಸಮವಾಗಿಲ್ಲ. ತೂಬಿನ ಪಕ್ಕದ ಗದ್ದೆಯವನಿಗೆ ನೀರು ಮೊದಲು ಸಿಗುತ್ತದೆ. ಕಾಲುವೆಯ ಕೊನೆಯವನಿಗೆ ಇಂಗಿ ಸೋರಿ ಉಳಿದದ್ದು ಸಿಗುತ್ತದೆ. ಆಟದಲ್ಲಿ ಈ ಅಸಮಾನತೆಯನ್ನು ಅಳಿಸಿಬಿಟ್ಟರೆ ಪಾಠವೇ ಹೋಯಿತು. ಉಳಿಸಿಕೊಂಡರೆ, ಕೊನೆಯ ಮನೆಯ ಪಾತ್ರ ಸಿಕ್ಕ ಮಗುವಿಗೆ ನಲವತ್ತು ನಿಮಿಷ ಮಾಡಲು ಏನಾದರೂ ಇರಬೇಕು. ಈ ಎರಡನೆಯದನ್ನು ನಾವು ಆಟದ ಪರೀಕ್ಷೆಯಾಗಿ ಇಟ್ಟುಕೊಂಡೆವು.

ಹುಣಸೆಬೀಜದ ಗಣಿತ

ದಾಳಕ್ಕೆ ಬದಲು ಹುಣಸೆಬೀಜ ಬಳಸಿದೆವು. ತುಮಕೂರಿನಲ್ಲಿ ಹುಣಸೆಬೀಜಕ್ಕೆ ಬರವಿಲ್ಲ. ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿದರೆ ಚೌಕಾಬಾರದ ಬೀಜ ಸಿದ್ಧ. ನಾಲ್ಕು ಬೀಜ ಎಸೆದರೆ ಹದಿನಾರು ರೀತಿಯಲ್ಲಿ ಬೀಳಬಹುದು. ಅದರಲ್ಲಿ ಬಿಳಿ ಒಂದೂ ಬೀಳದಿರುವುದು 1 ಸಲ, ಒಂದು ಬಿಳಿ 4 ಸಲ, ಎರಡು ಬಿಳಿ 6 ಸಲ, ಮೂರು ಬಿಳಿ 4 ಸಲ, ನಾಲ್ಕೂ ಬಿಳಿ 1 ಸಲ. ಚೌಕಾಬಾರದ ಹಿರಿಯರ ಜಾಣತನ ನೋಡಿ: ನಾಲ್ಕೂ ಕಪ್ಪು ಬಿದ್ದಾಗ ಸೊನ್ನೆ ಎನ್ನದೆ ಎಂಟು ಎಂದರು. ಅತಿ ಕೆಟ್ಟ ಬೀಳುವಿಕೆಯನ್ನೇ ಅತಿ ದೊಡ್ಡ ಲಾಭ ಮಾಡಿದ್ದರಿಂದ ಹಿಂದೆ ಬಿದ್ದವರಿಗೂ ಆಸೆ ಉಳಿಯುತ್ತದೆ.

ನಮ್ಮ ಆಟದಲ್ಲಿ ಒಂದು ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಬಿಳಿಯ ಸಂಖ್ಯೆ ಹೇಳುತ್ತದೆ. ‘ಒಂದಾದರೂ ಬಿಳಿ’ ಎಂದು ಗುರಿ ಇಟ್ಟರೆ 16ರಲ್ಲಿ 15 ಸಲ ಗೆಲುವು, ಅಂದರೆ ಶೇ. 94. ‘ಎರಡಾದರೂ’ ಎಂದರೆ 11 ಸಲ, ಶೇ. 69. ‘ಮೂರಾದರೂ’ ಎಂದರೆ 5 ಸಲ, ಶೇ. 31. ‘ನಾಲ್ಕೂ’ ಎಂದರೆ ಶೇ. 6. ಇಲ್ಲಿ ಗಮನಿಸಬೇಕಾದದ್ದು ಮೆಟ್ಟಿಲುಗಳ ಎತ್ತರ. ಇಪ್ಪತ್ತು ಮುಖದ ದಾಳದಲ್ಲಿ ಗುರಿಯನ್ನು ಒಂದು ಇಳಿಸಿದರೆ ಗೆಲುವಿನ ಸಾಧ್ಯತೆ ಯಾವಾಗಲೂ ಶೇ. 5ರಷ್ಟು ಏರುತ್ತದೆ. ನಮ್ಮ ಬೀಜಗಳಲ್ಲಿ ‘ಮೂರು’ ಇದ್ದದ್ದನ್ನು ‘ಎರಡು’ ಮಾಡಿದರೆ ಶೇ. 31ರಿಂದ 69ಕ್ಕೆ ಹಾರುತ್ತದೆ. ‘ಒಂದೇ ಒಂದು ತಾನೇ’ ಎಂದು ಕೊಟ್ಟ ರಿಯಾಯಿತಿ ಆಟವನ್ನೇ ತಲೆಕೆಳಗು ಮಾಡಬಲ್ಲದು.

ಒಳ್ಳೆಯ ಕಾರಣ ಹೇಳಿದ ಮಗುವಿಗೆ ಏನಾದರೂ ಅನುಕೂಲ ಸಿಗಬೇಕು, ಇಲ್ಲವಾದರೆ ಮಾತಿಗೆ ಬೆಲೆಯೇ ಇರುವುದಿಲ್ಲ. ಗುರಿ ಇಳಿಸುವ ಬದಲು ಐದನೆಯ ಬೀಜ ಕೊಡುವುದು ಮೃದುವಾದ ದಾರಿ. ಐದು ಬೀಜದಲ್ಲಿ ಮೂರಾದರೂ ಬಿಳಿ ಬೀಳುವುದು 32ರಲ್ಲಿ 16 ಸಲ, ಸರಿಯಾಗಿ ಅರ್ಧ. ಶೇ. 31ರಿಂದ 50ಕ್ಕೆ. ಮಾತಿಗೆ ತೂಕ ಬಂತು, ಅದೃಷ್ಟವೂ ಉಳಿಯಿತು.

ಆದರೆ ‘ಒಳ್ಳೆಯ ಕಾರಣ’ ಎಂದರೇನು? ಇಲ್ಲಿ ಎಚ್ಚರ ಬೇಕು. ನಿರರ್ಗಳವಾಗಿ ಮಾತಾಡುವುದನ್ನೇ ಒಳ್ಳೆಯ ಕಾರಣ ಎಂದು ಎಣಿಸಿದರೆ ಹಿಂದಿನ ಬೆಂಚಿನ ಮಗು ಮತ್ತೆ ಹಿಂದೆಯೇ ಉಳಿಯುತ್ತದೆ. ಮಾತಿನಲ್ಲಿ ಪಾಠದ ಒಂದು ಅಂಶ ಬಂದರೆ ಸಾಕು, ಹೇಗೆ ಹೇಳಿದರು ಎಂಬುದು ಮುಖ್ಯವಲ್ಲ ಎಂದು ನಿಯಮ ಮಾಡಿದೆವು. ‘ಮಣ್ಣಿನ ಕಾಲುವೆ, ಇಂಗುತ್ತೆ’ ಎಂದು ಮೂರೇ ಪದದಲ್ಲಿ ಹೇಳಿದ ಹುಡುಗಿಗೂ ಐದನೆಯ ಬೀಜ ಸಿಕ್ಕಿತು.

ಇನ್ನೊಂದು ಲೆಕ್ಕ, ಪಾಠಯೋಜನೆ ಬರೆಯುವಾಗ ಕಣ್ಣಿಗೆ ಬೀಳದಂಥದ್ದು: ಸುಲಭವಾದ ಮೂರು ಸವಾಲುಗಳನ್ನು ಸಾಲಾಗಿ ಇಟ್ಟರೆ ಒಟ್ಟು ಸವಾಲು ಸುಲಭವಾಗಿರುವುದಿಲ್ಲ. ಶೇ. 69ರ ಗುರಿಯನ್ನು ಮೂರು ಸಲ ಬಿಡದೆ ಗೆಲ್ಲುವ ಸಾಧ್ಯತೆ ಶೇ. 32 ಅಷ್ಟೇ. ಅದೇ ಗುರಿಗೆ ಇಬ್ಬರು ಪ್ರಯತ್ನಿಸಿ ಯಾರಾದರೊಬ್ಬರು ಗೆದ್ದರೆ ಸಾಕು ಎಂದರೆ ಶೇ. 90. ‘ಎಲ್ಲವೂ ಆಗಬೇಕು’ ಮತ್ತು ‘ಯಾವುದಾದರೂ ಆದರೆ ಸಾಕು’ ಎಂಬ ಎರಡು ಮಾತುಗಳ ನಡುವೆ ಇಷ್ಟು ಅಂತರವಿದೆ.

ನಾಲ್ಕು ಮನೆ, ಒಂದು ತೂಬು

ಈಗ ಆಟ. ಒಂದು ಮೇಜಿಗೆ ಆರು ಮಕ್ಕಳು. ನಾಲ್ವರು ಕಾಲುವೆಯ ಉದ್ದಕ್ಕೂ ಜಮೀನಿರುವ ನಾಲ್ಕು ಮನೆಯವರು, ಒಬ್ಬರು ನೀರುಗಂಟಿ, ಒಬ್ಬರು ಸೂತ್ರಧಾರ. ಕೆರೆಯಲ್ಲಿ ಹತ್ತು ಹರಳು ನೀರು. ಭತ್ತಕ್ಕೆ ನಾಲ್ಕು ಹರಳು ಬೇಕು, ರಾಗಿಗೆ ಎರಡು. ಕೊನೆಯ ಮನೆಗೆ ನೀರು ಹೋಗುವಾಗ ದಾರಿಯಲ್ಲಿ ಒಂದು ಹರಳು ಇಂಗುತ್ತದೆ, ಅಂದರೆ ಆ ಮನೆಯ ರಾಗಿಗೆ ಮೂರು ಬಿಡಬೇಕು. ಅರ್ಧ ನೀರು ಕುಡಿದ ಬೆಳೆ ಫಸಲು ಕೊಡುವುದಿಲ್ಲ. ಬಿತ್ತನೆಯಾದ ಮೇಲೆ ಮಳೆಗಾಗಿ ನಾಲ್ಕು ಬೀಜ ಎಸೆಯುತ್ತಾರೆ. ಬಿದ್ದ ಬಿಳಿಯಷ್ಟು ಹರಳು ಕೆರೆಗೆ ಸೇರುತ್ತದೆ. ಇವು ಆಟದ ಅಳತೆಗಳು, ಕೃಷಿ ಇಲಾಖೆಯ ಅಳತೆಗಳಲ್ಲ. ಭತ್ತಕ್ಕೆ ರಾಗಿಗಿಂತ ಬಹಳ ಹೆಚ್ಚು ನೀರು ಬೇಕು ಎಂಬಷ್ಟು ಮಾತ್ರ ವಾಸ್ತವ.

ನಾಲ್ಕೂ ಮನೆ ರಾಗಿ ಬಿತ್ತಿದರೆ 2+2+2+3, ಒಂಬತ್ತು ಹರಳು. ಮಳೆ ಬಾರದಿದ್ದರೂ ಚಿಂತೆಯಿಲ್ಲ. ಮೊದಲ ಎರಡು ಮನೆ ಭತ್ತ, ಉಳಿದೆರಡು ರಾಗಿ ಎಂದರೆ 4+4+2+3, ಹದಿಮೂರು. ಮಳೆಯಲ್ಲಿ ಮೂರು ಬಿಳಿಯಾದರೂ ಬೀಳಬೇಕು, 16ರಲ್ಲಿ 5 ಸಲ. ಬೀಳದಿದ್ದರೆ ಯಾರ ಬೆಳೆ ಒಣಗುತ್ತದೆ? ಕೊನೆಯ ಮನೆಯದು.

ಇಷ್ಟಾದ ಮೇಲೆ ಫಸಲಿನ ಬೆಲೆ ಎಷ್ಟಿಡಬೇಕು ಎಂಬ ಪ್ರಶ್ನೆ. ಬೇಕೆಂದೇ ಎರಡು ರೂಪ ಮಾಡಿ ಎರಡು ಸೆಕ್ಷನ್‌ಗಳಲ್ಲಿ ಆಡಿಸಿದೆವು. ಎರಡರಲ್ಲೂ ರಾಗಿಗೆ ಮೂರು ಚೀಲ, ಇಡೀ ಮೇಜಿನ ಒಟ್ಟು ಚೀಲವೇ ಗೆಲುವಿನ ಅಳತೆ.

ಮೊದಲ ರೂಪದಲ್ಲಿ ಭತ್ತಕ್ಕೆ ಆರು ಚೀಲ. ಎಲ್ಲರೂ ರಾಗಿ ಬೆಳೆದರೆ ಒಟ್ಟು 12 ಚೀಲ. ಎರಡು ಭತ್ತ, ಎರಡು ರಾಗಿ ಎಲ್ಲ ಬಂದರೆ 18. ಕೊನೆಯ ಮನೆ ಒಣಗಿದರೂ 15. ಅಂದರೆ ಒಂದು ಹನಿ ಮಳೆ ಬಾರದೆ, ಕೊನೆಯ ಮನೆಗೆ ಒಂದು ಹರಳೂ ಬಿಡದೆ, ಹತ್ತು ಹರಳಿನಲ್ಲೇ 15 ಚೀಲ ಖಾತ್ರಿ. ಎಲ್ಲರೂ ಉಣ್ಣುವ ದಾರಿಯಲ್ಲಿ 12 ಮಾತ್ರ. ಮಕ್ಕಳು ಈ ಲೆಕ್ಕವನ್ನು ಎರಡನೇ ಆಟದ ಹೊತ್ತಿಗೆ ಹಿಡಿದರು. ಕೊನೆಯ ಮನೆಯ ಮಕ್ಕಳನ್ನು ಯಾರೂ ಬೈಯಲಿಲ್ಲ, ಜಗಳವೂ ಆಗಲಿಲ್ಲ. ಅವರನ್ನು ಕೇಳುವುದನ್ನೇ ಬಿಟ್ಟರು. ಒಂದು ಮೇಜಿನಲ್ಲಿ ಕೊನೆಯ ಮನೆಯ ಹುಡುಗ ತನ್ನ ಪಾಲಿನ ಖಾಲಿ ತಟ್ಟೆಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಕುಳಿತಿದ್ದ. ನಾವು ಸಹಕಾರದ ಪಾಠ ಎಂದು ಬೋರ್ಡಿನ ಮೇಲೆ ಬರೆದಿರಬಹುದು. ನಿಯಮ ಕಲಿಸುತ್ತಿದ್ದುದು ಬೇರೆ. ಒಟ್ಟು ಹೆಚ್ಚಾದರೆ ಒಬ್ಬರನ್ನು ಬಿಟ್ಟರೂ ಆದೀತು ಎಂಬುದನ್ನು ಯಾರೂ ಬಾಯಲ್ಲಿ ಹೇಳದೆಯೇ ಅಂಕಪಟ್ಟಿ ಹೇಳಿಕೊಡುತ್ತಿತ್ತು.

ಎರಡನೆಯ ರೂಪದಲ್ಲಿ ಭತ್ತಕ್ಕೆ ನಾಲ್ಕೇ ಚೀಲ. ಈಗ ಕೊನೆಯ ಮನೆಯನ್ನು ಬಿಟ್ಟರೆ ಸಿಗುವುದು 4+4+3, ಹನ್ನೊಂದು. ಎಲ್ಲ ರಾಗಿಗೆ 12. ಎಲ್ಲ ಬಂದರೆ 14. ಹದಿನಾರು ವರ್ಷ ಬೇಸಾಯ ಮಾಡಿದಂತೆ ಭಾವಿಸಿ: ಭತ್ತದ ದಾರಿಯಲ್ಲಿ 5 ವರ್ಷ 14 ಚೀಲ, 11 ವರ್ಷ 11 ಚೀಲ, ಒಟ್ಟು 70+121, ಅಂದರೆ 191. ರಾಗಿಯ ದಾರಿಯಲ್ಲಿ 16 ವರ್ಷಕ್ಕೆ 192. ಹದಿನಾರು ವರ್ಷದಲ್ಲಿ ಒಂದೇ ಚೀಲದ ವ್ಯತ್ಯಾಸ! ಯಾವುದು ಸರಿ ಎಂದು ಹೇಳಲಾಗದ ಇಂಥ ಜಾಗದಲ್ಲೇ ಮಕ್ಕಳು ನಿಜವಾಗಿ ವಾದ ಮಾಡುತ್ತಾರೆ.

ಇಲ್ಲಿಗೆ ಒಂದು ಕೆಲಸ ಸೇರಿಸಿದೆವು. ನಾಲ್ಕೂ ಮನೆಯವರು ತಮ್ಮ ಒಂದು ಸರದಿಯನ್ನು ಬಿಟ್ಟುಕೊಟ್ಟು ಒಟ್ಟಿಗೆ ಕಾಲುವೆ ಹಸನು ಮಾಡಿದರೆ ಇಂಗುವ ಒಂದು ಹರಳು ಉಳಿಯುತ್ತದೆ. ಈಗ ಹದಿಮೂರರ ಬದಲು ಹನ್ನೆರಡು ಸಾಕು. ಮಳೆಯಲ್ಲಿ ಎರಡು ಬಿಳಿ ಬಿದ್ದರೆ ಆಯಿತು, 16ರಲ್ಲಿ 11 ಸಲ. ಹದಿನಾರು ವರ್ಷದ ಲೆಕ್ಕ 154+55, ಅಂದರೆ 209. ಒಂದು ಹರಳಿನ ಕೆಲಸ ಇಡೀ ತಕ್ಕಡಿಯನ್ನು ಓಲಿಸಿತು. ಆದರೆ ನಾಲ್ವರಲ್ಲಿ ಒಬ್ಬರು ಬಾರದಿದ್ದರೂ ಆಗುವುದಿಲ್ಲ. ಆದ್ದರಿಂದ ಕೊನೆಯ ಮನೆಯವರ ಒಪ್ಪಿಗೆ ಮೊದಲ ಮನೆಗೆ ಬೇಕಾಯಿತು. ಖಾಲಿ ತಟ್ಟೆ ತಿರುಗಿಸುವವರು ಈ ರೂಪದಲ್ಲಿ ಕಾಣಲಿಲ್ಲ. ‘ನಾನು ಗುದ್ದಲಿ ಹಿಡಿಯೋದು ಯಾಕೆ? ಮೊದಲು ನೀರು ಬಿಡ್ತೀನಿ ಅಂತ ಹೇಳು’ ಎಂದು ಕೊನೆಯ ಮನೆಯ ಹುಡುಗಿ ಮೊದಲ ಮನೆಯವನನ್ನು ಕೇಳಿದ್ದು ಸಹಪಾಠಿಯ ಅವಲೋಕನ ಪುಸ್ತಕದಲ್ಲಿ ದಾಖಲಾಗಿದೆ.

ಹಸನು ಮಾಡಲು ಸರದಿಯ ಬದಲು ಮನೆಗೊಂದು ಚೀಲ ಖರ್ಚು ಇಟ್ಟರೆ? ಹದಿನಾರು ವರ್ಷಕ್ಕೆ 64 ಚೀಲ ಹೋಗಿ 145 ಉಳಿಯುತ್ತದೆ. ಯಾರೂ ಗುದ್ದಲಿ ಮುಟ್ಟುವುದಿಲ್ಲ. ಬೇಕಾದವರು ಇದನ್ನೇ ಮನೆಗೆಲಸವಾಗಿ ಕೊಡಬಹುದು.

ನೀರುಗಂಟಿ

ಈ ಆಟದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಪಾತ್ರ ನೀರುಗಂಟಿಯದು. ತೂಬು ತೆರೆಯುವುದು, ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಆತನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯ ಆತನ ಸಂಬಳ. ಆಟದಲ್ಲಿ ನೀರುಗಂಟಿಗೆ ಜಮೀನಿಲ್ಲ. ಫಸಲು ಬಂದ ಪ್ರತಿ ಮನೆಯಿಂದ ಒಂದು ಚೀಲ ಬರುತ್ತದೆ, ಆ ಮನೆ ಎಷ್ಟು ಬೆಳೆದಿತು ಎಂಬುದು ಲೆಕ್ಕಕ್ಕಿಲ್ಲ. ಎಲ್ಲ ಮನೆ ಬೆಳೆದರೆ ನಾಲ್ಕು, ಕೊನೆಯ ಮನೆ ಒಣಗಿದರೆ ಮೂರು. ‘ಕೊನೆಯವರಿಗೂ ನೀರು ಬಿಡಬೇಕು’ ಎಂದು ನಿಯಮ ಬರೆಯಬೇಕಾಗಲಿಲ್ಲ. ನೀರುಗಂಟಿಯ ಹೊಟ್ಟೆಪಾಡೇ ಆ ನಿಯಮವಾಯಿತು. ಆದೇಶ ಕೊಟ್ಟು ತರುವ ಹದಕ್ಕಿಂತ ಪಾತ್ರದ ಸ್ವಂತ ಅಗತ್ಯದಿಂದ ಬರುವ ಹದ ಗಟ್ಟಿ.

ನೀರು ಮೊದಲು ಯಾವ ಕಡೆಯಿಂದ ಎಂದು ತೀರ್ಮಾನಿಸುವ ಅಧಿಕಾರ ನೀರುಗಂಟಿಯದು. ಮನೆಯವರು ಒಪ್ಪದಿದ್ದರೆ? ಎರಡು ಮನೆ ಸೇರಿ ಆ ತೀರ್ಮಾನ ಮುರಿಯಬಹುದು ಎಂದರೆ ತೂಬಿನ ಪಕ್ಕದ ಎರಡು ಮನೆಗಳೇ ಪ್ರತಿ ಸಲ ಮುರಿಯುತ್ತವೆ. ನಾಲ್ಕೂ ಮನೆ ಒಪ್ಪಬೇಕು ಎಂದರೆ ನೀರುಗಂಟಿಯನ್ನು ಕೇಳುವವರಿಲ್ಲ. ಮೂರು ಎಂದಿಟ್ಟಾಗ ಮೂರನೆಯ ಮನೆಯ ಕಡೆಗೆ ಎಲ್ಲರೂ ತಿರುಗಿ ನೋಡಬೇಕಾಯಿತು. ತನಗೆ ವಿಶೇಷ ಲಾಭವೂ ಇಲ್ಲದ, ದೊಡ್ಡ ನಷ್ಟವೂ ಇಲ್ಲದ ಆ ನಡುವಿನ ಮನೆ ಇಡೀ ಆಟದ ಕೀಲವಾಯಿತು. ಒಂದು ಸಂಖ್ಯೆಯ ಬದಲಾವಣೆ ಅಷ್ಟೇ.

ಪಾತ್ರ ಹಂಚುವಾಗ ಒಂದು ವಿಷಯದಲ್ಲಿ ರಾಜಿಯಾಗಬಾರದು. ಅನೇಕ ಊರುಗಳಲ್ಲಿ ನೀರುಗಂಟಿಯ ಕೆಲಸ ಪರಿಶಿಷ್ಟ ಜಾತಿಯ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಊರಿನ ಮಕ್ಕಳಿಗೆ ಇದು ಗೊತ್ತಿರುತ್ತದೆ, ನಗರದಿಂದ ಹೋದ ಪ್ರಶಿಕ್ಷಣಾರ್ಥಿಗೆ ಗೊತ್ತಿಲ್ಲದಿರಬಹುದು. ‘ನೀನು ನೀರುಗಂಟಿ ಆಗು’ ಎಂದು ಶಿಕ್ಷಕಿ ಒಬ್ಬ ಹುಡುಗನನ್ನು ಬೆರಳು ಮಾಡಿ ಕರೆದರೆ ತರಗತಿ ಬೇರೆಯೇ ಅರ್ಥ ಮಾಡಿಕೊಳ್ಳಬಹುದು. ಮಕ್ಕಳೇ ಹಂಚಿಕೊಳ್ಳಲಿ ಎಂದರೆ ಇನ್ನೂ ಕಷ್ಟ. ಆದ್ದರಿಂದ ಪಾತ್ರ ಯಾವಾಗಲೂ ಚೀಟಿ ಎತ್ತಿ, ಪ್ರತಿ ಆಟಕ್ಕೂ ಹೊಸದಾಗಿ. ಕೀಲಿ ಆ ಪಾತ್ರದ ಕೈಯಲ್ಲಿರುವುದರಿಂದ ಎರಡನೇ ಆಟದಲ್ಲಿ ‘ನಂಗೆ ನೀರುಗಂಟಿ ಬರ್ಲಿ’ ಎಂದು ಚೀಟಿ ಎತ್ತುವವರೇ ಹೆಚ್ಚಾಗಿದ್ದರು.

ಇದೇ ಸೂಕ್ಷ್ಮದ ಇನ್ನೊಂದು ಮುಖ ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಕಾಲುವೆಯಲ್ಲಿ ಬರುವ ನೀರನ್ನು ಗುಬ್ಬಿ, ತುಮಕೂರು, ಕುಣಿಗಲ್ ಎಲ್ಲವೂ ನೆಚ್ಚಿಕೊಂಡಿವೆ. ನಗರದ ನಲ್ಲಿಗೆ ಬರುವ ನೀರೂ ಬುಗುಡನಹಳ್ಳಿ ಕೆರೆಯ ಮೂಲಕ ಅದೇ ಹೇಮಾವತಿಯದು. ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ಸೀಮೆಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ತಮ್ಮ ಪಾಲಿನ ನೀರು ತಲುಪುತ್ತಿಲ್ಲ ಎಂಬುದು ಕುಣಿಗಲ್ ಕಡೆಯವರ ಮಾತು. ಆಟದ ಕಾಲುವೆಗೆ ಹೇಮಾವತಿ ಎಂದು ಹೆಸರಿಟ್ಟು, ಮೊದಲ ಮನೆಯನ್ನು ಗುಬ್ಬಿ, ಕೊನೆಯ ಮನೆಯನ್ನು ಕುಣಿಗಲ್ ಎಂದು ಮಾಡಿದರೆ ಆಟ ಬಿಸಿಯೇರುವುದು ಖಂಡಿತ. ಆದರೆ ಮಕ್ಕಳು ಪಾತ್ರದೊಳಗಿಂದ ಯೋಚಿಸುವುದಿಲ್ಲ. ಮನೆಯಲ್ಲಿ ಕೇಳಿದ ಮಾತನ್ನು ಮತ್ತೆ ಆಡುತ್ತಾರೆ. ಗುಬ್ಬಿಯ ಮಗುವಿಗೆ ಕುಣಿಗಲ್ ಮನೆಯ ಚೀಟಿ ಬಂದರೆ ಅದನ್ನು ಶಿಕ್ಷೆ ಎಂದುಕೊಳ್ಳುವುದೂ ಉಂಟು. ಹೆಸರಿಲ್ಲದ ಕೆರೆಯನ್ನೇ ಇಟ್ಟೆವು. ಗುಬ್ಬಿಯಲ್ಲಿ ಆಟ ಮುಗಿದು ಹರಳು ಎತ್ತಿಡುವಾಗ ಒಬ್ಬ ಹುಡುಗ ತಾನಾಗಿಯೇ ‘ಮಿಸ್, ಇದು ನಮ್ ಕಾಲ್ವೆ ಥರಾನೇ ಐತಲ್ವಾ?’ ಎಂದ. ಹೌದು ಎಂದೆ. ಅವತ್ತಿನ ಚರ್ಚೆ ಅಲ್ಲಿಂದ ಶುರುವಾಯಿತು, ಅದಕ್ಕೆ ಅವಧಿ ಸಾಲಲಿಲ್ಲ.

ಪುಸ್ತಕದಲ್ಲಿಲ್ಲದ ಪ್ರಶ್ನೆ

ಯಾವ ಮೇಜಿನಲ್ಲಾದರೂ ಒಂದು ಮಗು ನಿಯಮದಲ್ಲಿಲ್ಲದ್ದನ್ನು ಕೇಳಿಯೇ ಕೇಳುತ್ತದೆ. ನಮಗೆ ಬಂದ ಪ್ರಶ್ನೆ ಊಹಿಸಬಹುದಾದದ್ದೇ: ‘ಮಿಸ್, ನಾನು ಬೋರ್ ಹಾಕುಸ್ತೀನಿ, ಆಗಲ್ವಾ?’ ಆಗಲ್ಲ ಎಂದರೆ ಪಾತ್ರದಾಟ ಅಲ್ಲಿಗೆ ಮುಗಿಯಿತು. ಆಗುತ್ತೆ, ನೀರು ಬಂತು ಎಂದರೆ ಕಾಲುವೆಯ ಮಾತುಕತೆಗೆ ಅರ್ಥವಿಲ್ಲ. ಇಲ್ಲಿ ಸೂತ್ರಧಾರನಿಗೆ ಒಂದು ಪ್ರಶ್ನೆ ಕಲಿಸಿದ್ದೆವು: ‘ನಿಮ್ಮೂರಲ್ಲಿ ಹೀಗೆ ಮಾಡಿದರೆ ಏನಾಗುತ್ತೆ?’ ಉತ್ತರ ಮೇಜಿನವರೇ ಕೊಡುತ್ತಾರೆ. ಸಾಲ ಆಗುತ್ತೆ, ನೀರು ಬರಬಹುದು, ಬಾರದಿರಬಹುದು. ಅದನ್ನೇ ನಿಯಮ ಮಾಡುವುದು. ಎರಡು ಚೀಲ ಸಾಲ, ನೀರು ಸಿಕ್ಕರೆ ಎರಡು ಹರಳು.

ಗುರಿ ಎಷ್ಟಿಡಬೇಕು? ನೀರು ಸಿಕ್ಕರೆ ರಾಗಿಯ ಮೂರು ಚೀಲ. ‘ಎರಡು ಬಿಳಿ’ ಎಂದರೆ ಹದಿನಾರು ಸಲಕ್ಕೆ ಬರುವುದು 33 ಚೀಲ, ಸಾಲ 32. ಲಾಭ ಒಂದೇ ಚೀಲವಾದರೂ ಲಾಭವೇ. ಕೊನೆಯ ಮನೆಯವರೆಲ್ಲ ಬೋರ್ ಕೊರೆಸಿಕೊಂಡು ಮಾತುಕತೆಯಿಂದ ಎದ್ದುಹೋಗುತ್ತಾರೆ. ‘ಮೂರು ಬಿಳಿ’ ಎಂದರೆ ಬರುವುದು 15, ಸಾಲ 32. ಲೆಕ್ಕ ಬಲ್ಲವರು ಮುಟ್ಟುವುದಿಲ್ಲ, ಬೇರೆ ದಾರಿ ಇಲ್ಲದವರು ಮುಟ್ಟುತ್ತಾರೆ. ಎರಡನೆಯದನ್ನೇ ಇಟ್ಟುಕೊಂಡೆವು. ಕುಣಿಗಲ್ ಕಡೆಯ ಶಾಲೆಯಲ್ಲಿ ಇದನ್ನು ‘ತುಂಬಾ ಕಷ್ಟ ಇಟ್ಟಿದೀರಾ’ ಎಂದು ಯಾವ ಮಗುವೂ ದೂರಲಿಲ್ಲ.

ಆಡಿಸುವವರಿಗೆ ಕೆಲವು ಮಾತು

ನಲವತ್ತು ನಿಮಿಷದ ಅವಧಿಯಲ್ಲಿ ನಿಯಮ ಹೇಳಲು ಐದು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಎಲ್ಲ ನಿಯಮ ಮೊದಲೇ ಹೇಳಬೇಕಾಗಿಯೂ ಇಲ್ಲ. ಮೊದಲ ಆಟಕ್ಕೆ ಹರಳು, ಬೆಳೆ, ಮಳೆ ಇಷ್ಟೇ. ಕಾಲುವೆ ಹಸನು ಮಾಡುವುದು ಎರಡನೇ ಆಟಕ್ಕೆ. ಮೂರು ಮನೆಯ ಒಪ್ಪಿಗೆಯ ನಿಯಮ, ಯಾರಾದರೂ ನೀರುಗಂಟಿಯ ಮೇಲೆ ದೂರಿದ ಮೇಲೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ–ಕಲಿಯ ಮೆಟ್ಟಿಲುಗಳನ್ನು ಬಲ್ಲವರಿಗೆ ಇದು ಹೊಸದಲ್ಲ: ಬೇಕಾದಾಗ ಬೇಕಾದ ಕಾರ್ಡು.

ನಲವತ್ತೆರಡು ಮಕ್ಕಳಿದ್ದರೆ ಏಳು ಮೇಜು, ಏಳು ಸೂತ್ರಧಾರರು. ಪ್ರಶಿಕ್ಷಣಾರ್ಥಿ ಒಬ್ಬರೇ ಏಳು ಕಡೆ ಇರಲಾರರು. ಹಿಂದಿನ ದಿನ ಸಂಜೆ ಏಳು ಮಕ್ಕಳನ್ನು ಕೂರಿಸಿ ಒಂದು ಆಟ ಆಡಿಸಿಬಿಡಬೇಕು. ತರಗತಿಯ ಮೊದಲ ರ‍್ಯಾಂಕಿನವರನ್ನೇ ಆರಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವರು ಉತ್ತರ ಹೇಳಿಕೊಟ್ಟುಬಿಡುತ್ತಾರೆ. ಮನೆಯಲ್ಲಿ ತಮ್ಮ ತಂಗಿಯರನ್ನು ಆಡಿಸಿ ಗೊತ್ತಿರುವ ಮಕ್ಕಳು ಉತ್ತಮ ಸೂತ್ರಧಾರರು. ಮನೆಯ ಕಾರ್ಡುಗಳಲ್ಲಿ ಎರಡರಲ್ಲಾದರೂ ರೈತ ಮಹಿಳೆಯ ಹೆಸರಿರಲಿ. ತುಮಕೂರು ನಗರದ ಶಾಲೆಯಲ್ಲಿ ಆಡಿಸುವವರು ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳಿಗೆ ಚಿತ್ರ ಸಿದ್ಧ ಮಾಡಿಕೊಂಡು ಹೋಗಬೇಕು. ಗುಬ್ಬಿ, ಕುಣಿಗಲ್‌ನಲ್ಲಿ ಆ ಪದಗಳನ್ನು ಮಕ್ಕಳೇ ನಮಗೆ ವಿವರಿಸುತ್ತಾರೆ.

ಬೀಜಗಳ ವಿಷಯವೂ ಒಂದಿದೆ. ಮೇಲಿನ ಲೆಕ್ಕವೆಲ್ಲ ಬಿಳಿ, ಕಪ್ಪು ಎರಡೂ ಸಮವಾಗಿ ಬೀಳುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಕೈಯಲ್ಲಿ ಉಜ್ಜಿದ ಹುಣಸೆಬೀಜ ಅಷ್ಟು ನಿಯತ್ತಿನದಲ್ಲ. ಹೆಚ್ಚು ಉಜ್ಜಿದ್ದು ಒಂದು ಕಡೆಗೇ ವಾಲುತ್ತದೆ. ಪ್ರತಿ ಮೇಜಿನವರೂ ತಮ್ಮ ಬೀಜಗಳನ್ನು ನೂರು ಸಲ ಎಸೆದು ಎಷ್ಟು ಬಿಳಿ ಬಿತ್ತು ಎಂದು ಬರೆದುಕೊಳ್ಳಲಿ. ಹತ್ತನೇ ತರಗತಿಯಾದರೆ ಸಂಭವನೀಯತೆಯ ಪಾಠಕ್ಕೆ ಇದೇ ಪ್ರವೇಶ. ಒಂದು ಮೇಜಿನ ಬೀಜಗಳಲ್ಲಿ ಬಿಳಿ ಹೆಚ್ಚು ಬೀಳುತ್ತದೆ ಎಂದು ಕಂಡುಬಂದರೆ ಬದಲಾಯಿಸಬೇಡಿ. ಆ ಮೇಜಿನ ಊರಿನಲ್ಲಿ ಮಳೆ ಜಾಸ್ತಿ ಎನ್ನಿ, ಕೆರೆಯಲ್ಲಿ ಒಂದು ಹರಳು ಕಡಿಮೆ ಇಡಿ, ಎಷ್ಟು ಕಡಿಮೆ ಇಟ್ಟರೆ ಸರಿಹೋಗುತ್ತದೆ ಎಂದು ಅವರನ್ನೇ ಕೇಳಿ.

ಅವಲೋಕನಕ್ಕೆ ಬರುವ ಸಹಪಾಠಿಗೆ ನಮ್ಮ ರೂಢಿಯ ನಮೂನೆ ಇಲ್ಲಿ ಹೆಚ್ಚು ಉಪಯೋಗವಾಗಲಿಲ್ಲ. ಅದರ ಹಿಂಬದಿಯಲ್ಲಿ ಮೂರು ಗೆರೆ ಎಳೆದುಕೊಂಡೆವು: ಕೊನೆಯ ಮನೆಯ ಮಗು ಎಷ್ಟು ಸಲ ಮಾತಾಡಿತು, ಅದರ ಮಾತಿನಿಂದ ಎಷ್ಟು ಸಲ ತೀರ್ಮಾನ ಬದಲಾಯಿತು, ಎಷ್ಟು ಹೊತ್ತು ಸುಮ್ಮನೆ ಕುಳಿತಿತ್ತು. ಮುಂದಿನ ತಂಡದವರು ಆಟದ ಸಂಖ್ಯೆಗಳನ್ನು ಬದಲಾಯಿಸುವ ಮೊದಲು ಈ ಮೂರನೆಯ ಗೆರೆಯನ್ನು ಓದಿಕೊಳ್ಳುವುದು ಒಳ್ಳೆಯದು. ಹಾಳೆಗಳು ಮತ್ತು ಒಂದು ಡಬ್ಬ ಬೀಜ ವಿಜ್ಞಾನ ವಿಧಾನದ ಕೊಠಡಿಯ ಬೀರುವಿನಲ್ಲಿವೆ.